ಮಿನುಗುವ ಎಲ್‌ಇಡಿ ಬೋರ್ಡ್: ಸಾಲಿಗೊಂದು ರೆಸಿಸ್ಟರ್ ಹಾಕಿ

ಕೊಪ್ಪಳದ ಗವಿಮಠದ ಜಾತ್ರೆಗೋ ಗಣೇಶನ ಪೆಂಡಾಲಿಗೋ ಮಿನುಗುವ ಎಲ್‌ಇಡಿ ಬೋರ್ಡ್ ಮಾಡುವವರು ಪಿಸಿಬಿ (ಬಿಡಿಭಾಗ ಕೂರಿಸುವ ಸರ್ಕ್ಯೂಟ್ ಹಲಗೆ) ಡಿಸೈನ್ ಮಾಡುವಾಗಲೇ, ಒಂದರ ಹಿಂದೊಂದು ಜೋಡಿಸಿದ ಎಲ್‌ಇಡಿಗಳ ಪ್ರತಿ ಸಾಲಿಗೂ ಒಂದು ರೆಸಿಸ್ಟರ್‌ಗೆ (ಕರೆಂಟಿಗೆ ಮಿತಿ ಹಾಕುವ ಬಿಡಿಭಾಗಕ್ಕೆ) ಜಾಗ ಬಿಡಿ. ಎಲ್ಲ ಸಾಲಿಗೂ ಸೇರಿಸಿ ಒಂದೇ ರೆಸಿಸ್ಟರ್ ಬೇಡ. 12 ವೋಲ್ಟ್ ಅಡಾಪ್ಟರ್ ಇದ್ದರೆ ಬಿಳಿ, ನೀಲಿಗೆ ಸಾಲಿಗೆ 3 ಎಲ್‌ಇಡಿ, 150 ಓಮ್ ರೆಸಿಸ್ಟರ್. ಕೆಂಪಿಗೆ 4 ಎಲ್‌ಇಡಿ, 220 ಓಮ್. ಎರಡರಲ್ಲೂ ಸುಮಾರು 18 ಮಿಲಿಆಂಪ್ ಹರಿಯುತ್ತದೆ, 5 ಎಂಎಂ ಎಲ್‌ಇಡಿಗೆ ಅಷ್ಟು ಸಾಕು. ಒಂದೇ ಪ್ಯಾಕೆಟ್ಟಿನ ಎಲ್‌ಇಡಿಗಳಿಗೆ ಬೇಕಾದ ವೋಲ್ಟೇಜ್ ಕೂಡ ಒಂದಕ್ಕೊಂದು ಸ್ವಲ್ಪ ಬೇರೆ ಇರುತ್ತದೆ. ರೆಸಿಸ್ಟರ್ ಒಂದೇ ಆದರೆ ಕಡಿಮೆ ವೋಲ್ಟೇಜಿನ ಸಾಲು ಕರೆಂಟನ್ನು ಜಾಸ್ತಿ ಎಳೆದು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನೂ ಎಳೆಯುತ್ತದೆ. ಮೊದಲು ಸಿಕ್ಕಾಪಟ್ಟೆ ಹೊಳೆದು, ಆಮೇಲೆ ಮಂಕಾಗಿ ಸಾಯುತ್ತದೆ. ಅದರ ಪಾಲಿನ ಕರೆಂಟು ಉಳಿದವುಗಳ ತಲೆಗೆ! ರೆಸಿಸ್ಟರ್ ಉಳಿಸಿ ಸಿಗುವುದು ನಾಲ್ಕಾರು ರೂಪಾಯಿ ಅಷ್ಟೇ ಅಲ್ವಾ? ಆದರೆ ಬೋರ್ಡನ್ನು ಟ್ರ್ಯಾಕ್ಟರ್ ಬ್ಯಾಟರಿಗೆ ಕೊಟ್ಟರೆ ಮೇಲಿನ ಓಮ್ ಲೆಕ್ಕ ನಡೆಯಲ್ಲ. ಎಂಜಿನ್ ಓಡುವಾಗ ಅದು 14 ವೋಲ್ಟ್ ದಾಟುತ್ತದೆ, ಬಿಳಿ ಸಾಲಿನಲ್ಲಿ 30 ಮಿಲಿಆಂಪ್‌ಗಿಂತ ಜಾಸ್ತಿ ಹರಿಯುತ್ತದೆ. ಅಲ್ಲಿ 150ರ ಬದಲು 270 ಓಮ್ ಹಾಕಿ, ಎಂಜಿನ್ ನಿಂತಾಗ ಬೆಳಕು ಸ್ವಲ್ಪ ಇಳಿದರೂ ಎಲ್‌ಇಡಿ ಉಳಿಯುತ್ತದೆ. ಪವರ್ ಬ್ಯಾಂಕಿನ 5 ವೋಲ್ಟಿಗಂತೂ 3ರ ಸಾಲು ಹೊತ್ತುವುದೇ ಇಲ್ಲ, ಅಲ್ಲಿ ಬಿಳಿ ಎಲ್‌ಇಡಿ ಒಂದೊಂದಕ್ಕೂ 100 ಓಮ್ ಬೇಕು.