ಬೀದರಿನ ಬಯಲಿನಲ್ಲಿ ನಿಸರ್ಗ ನಡಿಗೆ ಏರ್ಪಡಿಸುವ ಬಗೆ

ಬೀದರ್ ಸುತ್ತಮುತ್ತಲಿನ ಕೆಮ್ಮಣ್ಣಿನ ಬಯಲನ್ನು ಹೆಚ್ಚಿನವರು ಬೀಳು ಭೂಮಿ, ಗಾಯರಾಣ (ದನಕರು ಮೇಯುವ ಊರಿನ ಗೋಮಾಳ) ಎಂದಷ್ಟೇ ಬಲ್ಲರು. ಆದರೆ ಕೃಷ್ಣಮೃಗಗಳು ಮೇಯುವುದೂ, ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ಹುಳು ಹಿಡಿಯುವುದೂ ಇಂಥ ಬಯಲಿನಲ್ಲಿಯೇ. ಊರಿನವರನ್ನೂ ಶಾಲಾ ಮಕ್ಕಳನ್ನೂ ಕರೆದುಕೊಂಡು ನಿಸರ್ಗ ನಡಿಗೆ ಮಾಡಬೇಕೆನ್ನುವವರು ದೂರದ ಕಾಡನ್ನು ಅರಸುವ ಮೊದಲು ಇಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಳೆಗಾಲ ಮುಗಿದು ಹುಲ್ಲು ತೆನೆಗಟ್ಟುವ ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ ಇದಕ್ಕೆ ಸೂಕ್ತ. ಬೆಳಿಗ್ಗೆ ಆರೂವರೆಗೆ ಹೊರಟು ಒಂಬತ್ತರೊಳಗೆ ಮರಳಬೇಕು. ತಂಡದಲ್ಲಿ ಹದಿನೈದಕ್ಕಿಂತ ಹೆಚ್ಚು ಜನರಿರದಿದ್ದರೆ ಒಳ್ಳೆಯದು. ಮೀಸಲು ಅರಣ್ಯಕ್ಕಾಗಲಿ, ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮಕ್ಕಾಗಲಿ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು.

ಮಾರ್ಗದರ್ಶನಕ್ಕೆ ಊರಿನ ಕುರಿ ಕಾಯುವವರೊಬ್ಬರನ್ನು ಗೌರವದಿಂದ ಆಹ್ವಾನಿಸಿ, ಅವರ ಆ ದಿನದ ದುಡಿಮೆಗೆ ತಕ್ಕ ಸಂಭಾವನೆ ಕೊಡಿ. ಯಾವ ಹುಲ್ಲನ್ನು ಕುರಿ ಮೊದಲು ಮೇಯುತ್ತದೆ, ಜಿಂಕೆಗಳು ಯಾವ ಕಡೆಯಿಂದ ನೀರಿಗೆ ಬರುತ್ತವೆ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಹೇಳಬಲ್ಲವರು ವಿರಳ.

ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಎಕ್ಕೆ ಗಿಡ. ಎಲೆಯ ಅಡಿಭಾಗವನ್ನು ನಿಧಾನವಾಗಿ ಮೇಲೆತ್ತಿ ನೋಡಿದರೆ, ಕೆಲವೊಮ್ಮೆ ಬಿಡಿಬಿಡಿಯಾಗಿ ಇಟ್ಟ ಪುಟ್ಟ ಮೊಟ್ಟೆಯೋ, ಕಪ್ಪು, ಬಿಳಿ, ಹಳದಿ ಪಟ್ಟಿಗಳ ಕಂಬಳಿಹುಳುವೋ ಕಾಣುತ್ತದೆ. ಈ ಹುಳು ಎಕ್ಕೆಯ ವಿಷವನ್ನು ತನ್ನ ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಅದರಿಂದ ರೂಪುಗೊಳ್ಳುವ ಕಿತ್ತಳೆ ಬಣ್ಣದ ಚಿಟ್ಟೆಯನ್ನು ಒಮ್ಮೆ ರುಚಿ ನೋಡಿದ ಹಕ್ಕಿಗಳು ಮತ್ತೆ ಮುಟ್ಟಲು ಹಿಂಜರಿಯುತ್ತವೆ. ಎಕ್ಕೆಯ ಹಾಲು ಕಣ್ಣಿಗೆ ಅಪಾಯಕಾರಿಯಾದ್ದರಿಂದ ಎಲೆ ಕೀಳಗೊಡಬಾರದು, ಮುಟ್ಟಿದವರು ತಪ್ಪದೆ ಕೈ ತೊಳೆಯಬೇಕು.

ಕೃಷ್ಣಮೃಗಗಳ ಹಿಂಡು ಕಂಡಾಗ ಇದ್ದಲ್ಲಿಯೇ ನಿಂತು ದುರ್ಬೀನಿನಲ್ಲಿ ನೋಡಬೇಕು. ಸುರುಳಿ ಕೊಂಬಿನ ಕಪ್ಪು ಗಂಡನ್ನೂ ಕೊಂಬಿಲ್ಲದ ಕಂದು ಹೆಣ್ಣನ್ನೂ ದೂರದಿಂದಲೇ ಗುರುತಿಸಬಹುದು. ಅವು ತಲೆಯೆತ್ತಿ ನಿಮ್ಮನ್ನೇ ದಿಟ್ಟಿಸತೊಡಗಿದರೆ ನೀವು ಸಾಕಷ್ಟು ಹತ್ತಿರ ಬಂದಿದ್ದೀರಿ ಎಂದೇ ತಿಳಿಯಿರಿ. ಬೇಸಿಗೆಯಲ್ಲಿ ಹೋದವರ ತಲೆಯ ಮೇಲೆ ಟಿಟ್ಟಿಭ ಹಕ್ಕಿ ಕೂಗುತ್ತ ಸುತ್ತತೊಡಗಿದರೆ ಕೂಡಲೇ ಬಂದ ದಾರಿಯಲ್ಲಿ ಹಿಂದಿರುಗಬೇಕು. ಅದು ಬರಿನೆಲದಲ್ಲಿಯೇ ಮೊಟ್ಟೆಯಿಡುತ್ತದೆ ಮತ್ತು ಆ ಮಚ್ಚೆಯ ಮೊಟ್ಟೆಗಳು ಕಲ್ಲಿನ ನಡುವೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಡಿಗೆಯ ಬಳಿಕ ಕಾರ್ಯಾಗಾರ ನಡೆಸುವವರಲ್ಲಿ ಒಂದು ವಿನಂತಿಯಿದೆ: ದಯವಿಟ್ಟು ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಸಿ ನೆಡಬೇಡಿ. ಕೃಷ್ಣಮೃಗವು ದೂರದಿಂದಲೇ ಅಪಾಯವನ್ನು ಕಂಡು ಓಡಿ ಬದುಕುವ ಪ್ರಾಣಿಯಾದ್ದರಿಂದ, ಮರಗಳು ದಟ್ಟವಾದಂತೆ ಅದಕ್ಕೆ ನೋಟವೂ ಓಟವೂ ತಪ್ಪುತ್ತವೆ ಮತ್ತು ನೆರಳಿನಡಿಯ ಹುಲ್ಲು ಕ್ಷೀಣಿಸುತ್ತದೆ. ಬೇವು, ಕಕ್ಕೆ, ಮುತ್ತುಗಗಳಿಗೆ ಶಾಲೆಯ ಆವರಣ ಮತ್ತು ರಸ್ತೆಯ ಬದಿಗಳಿವೆ. ಹೊಲದ ಬೇಲಿಗೆ ತಂಗಡಿ, ಅಂದರೆ ಆವರಿಕೆ, ಉತ್ತಮ ಆಯ್ಕೆ. ಒಣಗಿದ ಚಪ್ಪಟೆ ಕಾಯಿಗಳಿಂದ ಬೀಜ ಬಿಡಿಸಿ, ಬಿಸಿನೀರು ಸುರಿದು ರಾತ್ರಿಯಿಡೀ ನೆನೆಸಿ, ಮುಂಗಾರಿನ ಮೊದಲ ಹದ ಮಳೆ ಬಿದ್ದ ಕೂಡಲೇ ಬೇಲಿಯ ಸಾಲಿನಲ್ಲಿ ಬಿತ್ತಬೇಕು.