ಗಾಜು ಅಲ್ಲಿ, ಹೆಸರು ಇಲ್ಲಿ

ನಾನು ಕೆಲಸ ಮಾಡುವ ಗ್ರಂಥಾಲಯದ ಒಳಕೋಣೆಯಲ್ಲಿ, ಹಳೆಯ ಗೆಜೆಟಿಯರುಗಳ ಹಿಂದೆ, ಕೆಂಪು ಬಟ್ಟೆಯ ರಟ್ಟಿನ ನಾಲ್ಕು ಉದ್ದನೆಯ ಲೆಕ್ಕದ ಪುಸ್ತಕಗಳಿದ್ದವು. ಶರಾವತಿ ಕಣಿವೆಗೆ ಹತ್ತಿರದ ನಮ್ಮ ಪಟ್ಟಣದಲ್ಲಿ ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಫೋಟೊ ಸ್ಟುಡಿಯೊದ ಪುಸ್ತಕಗಳು ಅವು. ಪ್ರತಿ ಸಾಲಿನಲ್ಲಿ ಒಂದು ಸಂಖ್ಯೆ, ತಿಥಿ, ಹೆಸರು, ಊರು, ಎಷ್ಟು ಪ್ರತಿ, ಮುಂಗಡ ಎಷ್ಟು, ಬಾಕಿ ಎಷ್ಟು. ಸ್ಟುಡಿಯೊ ಮುಚ್ಚಿದ ಮೇಲೆ ಆ ಮನೆಯವರು ಬರಹದಲ್ಲಿದ್ದುದನ್ನೆಲ್ಲ ನಮಗೆ ಕೊಟ್ಟಿದ್ದರು. ಗಾಜಿನ ನೆಗೆಟಿವ್‌ಗಳು ಮಾತ್ರ ಬೇರೊಂದು ಊರಿನ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದವು. ಪುಸ್ತಕವಾದರೆ ಗ್ರಂಥಾಲಯಕ್ಕೆ, ವಸ್ತುವಾದರೆ ವಸ್ತುಸಂಗ್ರಹಾಲಯಕ್ಕೆ ಎಂದು ಯಾರೋ ಹೇಳಿರಬೇಕು. ಹಾಗಾಗಿ ಎಷ್ಟೋ ವರ್ಷ ಆ ಹೆಸರುಗಳಿಗೆ ಮುಖ ಇರಲಿಲ್ಲ, ಆ ಮುಖಗಳಿಗೆ ಹೆಸರು ಇರಲಿಲ್ಲ.

ಬೇರೆ ಯಾವುದೋ ಕೆಲಸಕ್ಕೆಂದು ಆ ಸಂಗ್ರಹಾಲಯಕ್ಕೆ ಹೋಗಿದ್ದಾಗ ಅಲ್ಲಿನ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಒಂದು ಗಾಜಿನ ನೆಗೆಟಿವ್ ಪ್ಲೇಟನ್ನು ಬೆಳಕಿಗೆ ಹಿಡಿದು ತೋರಿಸಿದರು. ಅಂಚಿನಲ್ಲಿ ಮಸಿಯಲ್ಲಿ ತಿರುಗುಮುರುಗಾಗಿ ಬರೆದ ಒಂದು ಸಂಖ್ಯೆ ಇತ್ತು. ಅಚ್ಚು ಹಾಕಿದಾಗ ನೇರವಾಗಿ ಕಾಣಲೆಂದು ಸ್ಟುಡಿಯೊದವರು ಹಾಗೆ ಬರೆಯುತ್ತಿದ್ದರು. ಅದು ಕನ್ನಡ ಅಂಕಿ. ನಮ್ಮ ಕೆಂಪು ಪುಸ್ತಕದ ಅಂಕಿಗಳೂ ಅದೇ ಕೈಬರಹದವು ಎಂದು ನೋಡಿದ ಕೂಡಲೇ ಗೊತ್ತಾಯಿತು. ಮರುದಿನ ಪುಸ್ತಕ ತೆಗೆದು ಆ ಸಂಖ್ಯೆಯ ಸಾಲನ್ನು ಓದಿ ಅವರಿಗೆ ಫೋನ್ ಮಾಡಿದೆ: ಗಂಡ, ಹೆಂಡತಿ, ಮೂರು ಮಕ್ಕಳು, ಒಂದು ಹಸು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಸು ಇದೆ ಸರ್" ಎಂದರು.

ಈ ಚಿತ್ರಗಳು ನಮ್ಮ ಸೀಮೆಗೆ ಎಷ್ಟು ಮುಖ್ಯ ಎಂಬುದನ್ನು ಹೊರಗಿನವರಿಗೆ ಒಂದು ಮಾತಿನಲ್ಲಿ ಹೇಳಬಹುದು: ಮುಳುಗಡೆ. 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿಗೆ ಒಂದಷ್ಟು ಊರು ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಯೇ ನೀರಿನ ಕೆಳಗೆ ಹೋಯಿತು; ಹಳೆಯ ಹಿರೇಭಾಸ್ಕರವೂ ಅದರೊಳಗೆ ಮುಳುಗಿತು. ಜನರನ್ನು ಲಾರಿಗಳಲ್ಲಿ ಸಾಗಿಸಿ ಕಾಡಂಚಿನಲ್ಲಿ ಇಳಿಸಿದರು. ಆ ಗಡಿಬಿಡಿಯಲ್ಲಿ ಹಂಡೆ, ಒನಕೆ, ದನಕರುಗಳನ್ನು ತಂದವರಿಗೆ ಗೋಡೆಯ ಫೋಟೊ ನೆನಪಾಗಲಿಲ್ಲ. ನೆನಪಿಟ್ಟು ತಂದವರ ಫೋಟೊಗಳನ್ನು ಗುಡಿಸಲಿನ ಮೊದಲ ಮಳೆಗಾಲ ತಿಂದಿತು. ಸ್ಟುಡಿಯೊದವರು ಮಾತ್ರ ಜನ ಊರು ಬಿಡುವ ಮುಂಚಿನ ಕೆಲವು ವರ್ಷಗಳಲ್ಲಿ ಕ್ಯಾಮೆರಾ ಹೊತ್ತು ಆ ಹಳ್ಳಿಗಳಿಗೆ ಹೋಗಿ ಮನೆ, ಅಂಗಳ, ಅಡಕೆ ಚಪ್ಪರದ ಮುಂದೆ ಕುಟುಂಬಗಳನ್ನು ನಿಲ್ಲಿಸಿ ತೆಗೆದಿದ್ದರು. ಲೆಕ್ಕದ ಪುಸ್ತಕದಲ್ಲಿ ವಿಕಾರಿ, ಶಾರ್ವರಿ, ಪ್ಲವ ಸಂವತ್ಸರಗಳ, ಅಂದರೆ 1959ರಿಂದ 1962ರವರೆಗಿನ, ಪುಟಗಳು ಉಳಿದ ವರ್ಷಗಳಿಗಿಂತ ದಪ್ಪ.

ಎರಡು ಸಂಸ್ಥೆಗಳ ನಡುವಿನ ಒಪ್ಪಂದ ಎರಡೇ ಪುಟದ್ದು. ಮೂಲ ವಸ್ತುಗಳು ಇದ್ದಲ್ಲೇ ಇರುತ್ತವೆ. ಡಿಜಿಟಲ್ ಪ್ರತಿ ಇಬ್ಬರಲ್ಲೂ ಇರುತ್ತದೆ. ಪ್ರತಿ ದಾಖಲೆಯಲ್ಲಿ ಸಂಗ್ರಹಾಲಯದ ಸಂಖ್ಯೆ, ನಮ್ಮ ಪುಸ್ತಕದ ಸಂಖ್ಯೆ ಎರಡೂ ಇರಲೇಬೇಕು. ಒಬ್ಬರು ಸಹಿ ಹಾಕದೆ ಇನ್ನೊಬ್ಬರು ಯಾರಿಗೂ ಕಡತ ಕೊಡುವಂತಿಲ್ಲ. ಈ ಕೊನೆಯ ಮಾತಿಗೆ ಸ್ವಲ್ಪ ಎಳೆದಾಟವಾಯಿತು. ಅದು ಇದ್ದುದರಿಂದಲೇ ಮುಂದೆ ಜಗಳವಾಗಲಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ.

ಪ್ಲೇಟುಗಳ ಡಿಜಿಟಲ್ ಪ್ರತಿ ಮಾಡಲು ಮೊದಲು ಒಂದು ಖಾಸಗಿ ಸಂಸ್ಥೆಗೆ ಕೊಟ್ಟು ನೋಡಿದೆವು. ಅವರು ಪ್ಲೇಟೊಂದಕ್ಕೆ ಇಷ್ಟು ಎಂದು ಹಣ ಪಡೆಯುವವರು. ಬೇಗ ಮುಗಿದಷ್ಟೂ ಅವರಿಗೆ ಲಾಭ. ಮೊದಲ ಪೆಟ್ಟಿಗೆಯ ಕಡತಗಳು ಬಂದಾಗ ಎಲ್ಲವೂ ಸಣ್ಣ ಜೆಪೆಗ್ (ಕುಗ್ಗಿಸಿದ ಚಿತ್ರಕಡತ), ಅಂಚು ಕತ್ತರಿಸಿದವು. ಸಂಖ್ಯೆ ಇದ್ದದ್ದೇ ಅಂಚಿನಲ್ಲಿ! ಎರಡು ಪ್ಲೇಟುಗಳ ಮೇಲೆ ಹೊಸ ಬೆರಳಚ್ಚುಗಳಿದ್ದವು. ಅಂದೇ ಆ ಕೆಲಸ ನಿಲ್ಲಿಸಿ ನಾವೇ ಮಾಡುವುದೆಂದು ತೀರ್ಮಾನಿಸಿದೆವು. ಚಿತ್ರದ ಅಂಚು, ಒಡಕು, ಗೀಚು ಎಲ್ಲವೂ ಕಡತದೊಳಗೆ ಬರಬೇಕು ಎಂಬ ನಿಯಮ ಅಲ್ಲಿಂದ ಹುಟ್ಟಿತು.

ಪ್ಲೇಟು ಹಿಡಿಯುವುದನ್ನು ನನಗೆ ಕಲಿಸಿದವರು ಕ್ಯುರೇಟರ್. ಗಾಜಿನ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿ ಮಂಕಾಗಿರುತ್ತದೆ. ಆ ಮಂಕು ಬದಿಯಲ್ಲೇ ಜಿಲೆಟಿನ್ ಪದರವಿದೆ, ಅದರೊಳಗಿನ ಬೆಳ್ಳಿಯಲ್ಲೇ ಚಿತ್ರವಿದೆ. ಹೊಳೆಯುವ ಬದಿಯನ್ನು ಒರೆಸಬಹುದು. ಮಂಕು ಬದಿಗೆ ಗಾಳಿಯ ಬ್ಲೋವರ್ ಮತ್ತು ಮೆತ್ತನೆಯ ಕುಂಚ ಬಿಟ್ಟರೆ ಏನೂ ತಗಲಬಾರದು. ಹತ್ತಿಯ ಕೈಗವಸು ಜಾರುತ್ತದೆ, ಅದರ ಎಳೆ ಸಿಕ್ಕಿಕೊಳ್ಳುತ್ತದೆ. ರಬ್ಬರಿನಂಥ ನೈಟ್ರೈಲ್ ಕೈಗವಸೇ ಆಗಬೇಕು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಭಾರಕ್ಕೆ ಒಡೆಯುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ನಾಲ್ಕು ಮಡಿಕೆಯ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಇಡಬೇಕು.

ಒಂದು ದಿನ ಒಬ್ಬ ಮದುಮಗಳ ಪ್ಲೇಟಿನ ಮೇಲೆ ಕೆಂಪು ಬಣ್ಣ ಮೆತ್ತಿಕೊಂಡಿತ್ತು. ಯಾರೋ ಕುಂಕುಮದ ಕೈಯಲ್ಲಿ ಮುಟ್ಟಿದ್ದಾರೆಂದುಕೊಂಡು ನಾನು ಹತ್ತಿಯನ್ನು ಒದ್ದೆ ಮಾಡಿ ಮುಂದಾದೆ. ಕ್ಯುರೇಟರ್ ನನ್ನ ಮಣಿಕಟ್ಟು ಹಿಡಿದು ತಡೆದರು. ಅದು ಸ್ಟುಡಿಯೊದವರೇ ಬಳಿದದ್ದು: ಹಿಂದಿನ ಗೋಡೆ ಅಚ್ಚಿನಲ್ಲಿ ಕಾಣದೆ ಬೆಳ್ಳಗೆ ಬರಲೆಂದು ಹಾಕಿದ ಬಣ್ಣ. ಭೂತಗನ್ನಡಿಯಲ್ಲಿ ನೋಡಿದರೆ ಕೆನ್ನೆಯ ಮೇಲೆ ಸೀಸದಕಡ್ಡಿಯ ಸಣ್ಣ ಸಣ್ಣ ಗೆರೆಗಳೂ ಇದ್ದವು, ಸಿಡುಬಿನ ಕಲೆ ಮುಚ್ಚಲು ಹಾಕಿದವು. ಒರೆಸಿದ್ದರೆ ಒಬ್ಬ ಕಸುಬುದಾರನ ಕೈಕೆಲಸವನ್ನು ಒರೆಸಿದ್ದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಗ್ರಂಥಪಾಲಕನಾದ ನಾನು ಅದುವರೆಗೆ ಪ್ಲೇಟನ್ನು ಚಿತ್ರ ಹೊತ್ತ ಗಾಜು ಎಂದಷ್ಟೇ ನೋಡುತ್ತಿದ್ದೆ. ಸಂಗ್ರಹಾಲಯದವರ ಜೊತೆ ಕೂತು ಕೆಲಸ ಮಾಡದೆ ಹೋಗಿದ್ದರೆ ಕೊನೆಯವರೆಗೂ ಹಾಗೆಯೇ ನೋಡುತ್ತಿದ್ದೆ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಕಾಲವೂ ಮುಖ್ಯ. ಜಿಲೆಟಿನ್ ಎಂದರೆ ಬೂಷ್ಟಿಗೆ ಊಟವಿದ್ದಂತೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಾವು ಒಂದು ಪೆಟ್ಟಿಗೆಯನ್ನೂ ತೆರೆಯಲಿಲ್ಲ. ತೇವ ಹೀರುವ ಸಿಲಿಕಾ ಜೆಲ್ ಬದಲಾಯಿಸುವುದಷ್ಟೇ ಪೆಟ್ಟಿಗೆಗಳ ಮಟ್ಟಿಗೆ ಆಗಿನ ಕೆಲಸ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಚಿತ್ರೀಕರಣ. ಮಳೆಗಾಲದಲ್ಲಿ ಪುಸ್ತಕ ಓದಿ ದಾಖಲೆ ಬರೆಯುವುದು. ವರ್ಷವನ್ನು ಹೀಗೆ ಹಂಚಿಕೊಂಡದ್ದು ಎಷ್ಟೋ ಅನುಕೂಲವಾಯಿತು.

ಯಂತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಫ್ಲಾಟ್‌ಬೆಡ್ ಸ್ಕ್ಯಾನರ್ ಬಿಟ್ಟು, ಕಾಪಿ ಸ್ಟ್ಯಾಂಡಿಗೆ ಸಿಕ್ಕಿಸಿದ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಮ್ಯಾಕ್ರೊ ಲೆನ್ಸ್, ಕೆಳಗೆ ಸಮಬೆಳಕಿನ ಎಲ್‌ಇಡಿ ಫಲಕ ಬಳಸಿದೆವು. ಪ್ಲೇಟನ್ನು ಮಂಕು ಬದಿ ಮೇಲಾಗಿ ಇಟ್ಟು ತೆಗೆದು, ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸುತ್ತಿದ್ದೆವು. ತಿರುಗಿಸಲು ಮರೆತರೆ ಅಂಗಡಿಯ ಬೋರ್ಡು ಹೇಳಿಬಿಡುತ್ತದೆ. ಬೋರ್ಡು ಇಲ್ಲದಿದ್ದರೆ ಕೈಗಡಿಯಾರ, ಅಂಗಿಯ ಗುಂಡಿ, ಸೆರಗು. ಡಿಜಿಟಲ್ ಮೂಲ ಪ್ರತಿ ಕುಗ್ಗಿಸದ, ಕಪ್ಪುಬಿಳುಪಿನ 16 ಬಿಟ್‌ನ ಟಿಫ್, ಒಂದೊಂದೂ ಸುಮಾರು 48 ಮೆಗಾಬೈಟ್. ಅದನ್ನು ಯಾರೂ ತಿದ್ದುವಂತಿಲ್ಲ. ನೋಡಲು, ಹಂಚಲು ಬೇರೆ ಜೆಪೆಗ್. ಒಂದು ಡಿಸ್ಕ್ ನಮ್ಮಲ್ಲಿ, ಒಂದು ಸಂಗ್ರಹಾಲಯದಲ್ಲಿ, ಮೂರನೆಯದು ಬೇರೊಂದು ನಗರದಲ್ಲಿ. ವರ್ಷಕ್ಕೊಮ್ಮೆ, ಕಡತ ಬದಲಾಗಿದೆಯೇ ಎಂದು ಹೇಳುವ ಚೆಕ್‌ಸಮ್ ಓಡಿಸಿ ಮೂರೂ ಒಂದೇ ಎಂದು ಖಚಿತಪಡಿಸಿಕೊಳ್ಳುತ್ತೇವೆ.

ಇದಕ್ಕಿಂತ ಹೆಚ್ಚು ದಿನ ಹಿಡಿದದ್ದು ಅಕ್ಷರಗಳ ಕೆಲಸ. ಸಂಗ್ರಹಾಲಯದ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿತ್ತು, ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಅಲ್ಲ. ನಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ರಾಶಿ. ಪರಿವರ್ತಿಸಿದ ಮೇಲೂ ಅರ್ಕಾವತ್ತು ಇದ್ದ ಕಡೆಯೆಲ್ಲ ತಪ್ಪು. ಒಂದೊಂದು ಸಾಲನ್ನೂ ಕಣ್ಣಿಂದ ನೋಡಿ ತಿದ್ದಿದೆವು. ಪ್ಲೇಟಿನ ತಿರುಗುಮುರುಗು ಅಂಕಿಗಳಲ್ಲಿ ೬ ಮತ್ತು ೭ ನಮ್ಮನ್ನು ಬಹಳ ಕಾಡಿದವು. ಸಂಖ್ಯೆ ಹೊಂದಿತು ಎಂದ ಮಾತ್ರಕ್ಕೆ ಒಪ್ಪದೆ, ಪುಸ್ತಕ ಹೇಳುವ ತಲೆಗಳ ಎಣಿಕೆ ಚಿತ್ರದಲ್ಲಿ ಇದೆಯೇ ಎಂದು ನೋಡುತ್ತಿದ್ದೆವು. ಹಸು ಇದ್ದರೆ ಇನ್ನೂ ಒಳ್ಳೆಯದು.

ತಾರೀಖು ಇನ್ನೊಂದು ತೊಡಕು. ವಿಕಾರಿ ಸಂವತ್ಸರ ಎಂದರೆ 1959ರ ಯುಗಾದಿಯಿಂದ 1960ರ ಯುಗಾದಿಯವರೆಗೆ. ಮಾಸ ಬರೆದಿದ್ದರೆ ಇಸವಿ ತಿಳಿಯುತ್ತದೆ. ಬರೆಯದಿದ್ದಲ್ಲಿ 1959–60 ಎಂದೇ ನಮೂದಿಸಿದೆವು. ಒಂದೇ ಇಸವಿ ಹಾಕಿದರೆ ನೋಡಲು ಚೊಕ್ಕಟವಾಗಿ ಕಾಣುತ್ತದೆ, ಆದರೆ ಅದು ಸುಳ್ಳಾಗುತ್ತದೆ. ಊರಿನ ಹೆಸರನ್ನೂ ಪುಸ್ತಕದಲ್ಲಿದ್ದಂತೆ ಒಂದು ಕಡೆ, ಹುಡುಕಲು ಅನುಕೂಲವಾಗುವ ಒಂದೇ ರೂಪದಲ್ಲಿ ಇನ್ನೊಂದು ಕಡೆ ಬರೆದೆವು. ಅದೇ ಊರು ನಾಲ್ಕು ಪುಸ್ತಕಗಳಲ್ಲಿ ನಾಲ್ಕು ಕಾಗುಣಿತದಲ್ಲಿತ್ತು. ಇಂದಿನ ನಕ್ಷೆಯಲ್ಲಿ ಅವುಗಳಲ್ಲಿ ಎಷ್ಟೋ ಊರುಗಳ ಜಾಗದಲ್ಲಿ ನೀಲಿ ಬಣ್ಣ ಮಾತ್ರ ಇದೆ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆ ನೋಡಿ ಅಕ್ಷಾಂಶ, ರೇಖಾಂಶ ಹಾಕಿದೆವು.

2008ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸಾವಿರಾರು ಹಳೆಯ ಚಿತ್ರಗಳನ್ನು ಫೋಟೊ ಹಂಚುವ ಜಾಲತಾಣ ಫ್ಲಿಕರ್‌ನಲ್ಲಿ ಹಾಕಿ, ಗೊತ್ತಿದ್ದವರು ಹೇಳಿ ಎಂದು ಜನರನ್ನು ಕೇಳಿತ್ತು. ಹೇಳಿದವರು ಬಹಳ ಮಂದಿ. ನನಗೆ ಧೈರ್ಯ ಬಂದದ್ದು ಅದರಿಂದ. ಆದರೆ ನಮ್ಮ ಚಿತ್ರಗಳನ್ನು ಗುರುತಿಸಬಲ್ಲವರಿಗೆ ಎಂಬತ್ತು ದಾಟಿದೆ. ಅವರು ಪರದೆಯ ಮುಂದೆ ಕೂರುವುದಿಲ್ಲ. ದೊಡ್ಡ ಗಾತ್ರದ ಅಚ್ಚು ಹಾಕಿಸಿ, ಮುಳುಗಡೆಯವರು ನೆಲೆಸಿದ ಊರುಗಳಿಗೆ ನಾವೇ ಹೋದೆವು. ದೇವಸ್ಥಾನದ ಜಗಲಿಯ ಮೇಲೆ ಹರಡಿ ಕೂರುತ್ತಿದ್ದೆವು.

ಅಲ್ಲಿ ನಾನು ಕಂಡದ್ದು: ಜನ ಮೊದಲು ಗುರುತಿಸುವುದು ಮುಖವನ್ನಲ್ಲ. ಒಬ್ಬ ಅಜ್ಜಿ ಚಿತ್ರವನ್ನು ತುಂಬಾ ಹೊತ್ತು ನೋಡಿ, ಬೆರಳನ್ನು ತುಳಸಿಕಟ್ಟೆಯ ಮೂಲೆಗೆ ಇಟ್ಟರು. "ತಮ್ಮಾ, ಈ ಮೂಲೆ ಒಡೆದದ್ದು ನಮ್ಮ ಎತ್ತು ಗುದ್ದಿ" ಎಂದರು. ಅಲ್ಲಿಂದ ಬಾಗಿಲು, ಬಾಗಿಲಿನಿಂದ ನಿಂತ ಹೆಂಗಸು, ಹೆಂಗಸಿನಿಂದ ಕಂಕುಳಲ್ಲಿದ್ದ ಮಗು. ಆ ಮಗು ಅವರ ತಂಗಿ. ಪುಸ್ತಕದಲ್ಲಿ ಆ ಸಾಲು ಗಂಡಸಿನ ಹೆಸರು ಹೇಳಿ, ಮುಂದೆ "ಮನೆಯವರು, ಮಕ್ಕಳು 2" ಎಂದಷ್ಟೇ ಹೇಳುತ್ತಿತ್ತು.

ಪುಸ್ತಕದ ಉದ್ದಕ್ಕೂ ಇದೇ ಕಥೆ. ಹಣ ಕೊಟ್ಟವನ ಹೆಸರಿದೆ, ಹೆಂಗಸರು "ಮನೆಯವರು". ನನ್ನ ಮಟ್ಟಿಗೆ ಈ ಇಡೀ ಕೆಲಸದ ತಿರುಳು ಅಲ್ಲಿದೆ. ಕ್ಯಾಮೆರಾ ಮುಂದಿನ ವರ್ಷವೂ ಸಿಗುತ್ತದೆ, ಹಣ ಬಂದರೆ ಇನ್ನೂ ಒಳ್ಳೆಯದು ಸಿಗುತ್ತದೆ. ಆ ಅಜ್ಜಿ ಸಿಗುವುದಿಲ್ಲ. ಎಷ್ಟು ಪ್ಲೇಟು ಮುಗಿಯಿತು ಎಂದು ಮೇಲಿನವರು ಕೇಳಿದಾಗಲೆಲ್ಲ ನಾನು ಎಷ್ಟು ಹೆಸರು ಸೇರಿತು ಎಂಬ ಲೆಕ್ಕವನ್ನೂ ಜೊತೆಗೆ ಕಳುಹಿಸಿದೆ. ದಾಖಲೆಯಲ್ಲಿ ಪುಸ್ತಕದ ಮಾತು ಇದ್ದಂತೆಯೇ ಉಳಿದಿದೆ. ಅದರ ಕೆಳಗೆ ಆ ಹೆಂಗಸಿನ ಸ್ವಂತ ಹೆಸರು, ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದಿದೆ. ಇಬ್ಬರು ಎರಡು ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆದಿದ್ದೇವೆ.

ಎಲ್ಲವನ್ನೂ ಎಲ್ಲರಿಗೂ ತೋರಿಸುವಂತಿಲ್ಲ ಎಂಬುದನ್ನು ನಾವು ತಡವಾಗಿ ಕಲಿತೆವು. ಆಗಿನ ಸ್ಟುಡಿಯೊಗಳು ತೀರಿಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ ಚಿತ್ರ ತೆಗೆಯುತ್ತಿದ್ದವು. ಅಂಥ ಒಂದು ಚಿತ್ರ ಜಗಲಿಯ ಮೇಲೆ ಉಳಿದವುಗಳ ನಡುವೆ ಬಂದುಬಿಟ್ಟಿತು. ನೋಡಿದ ಹಿರಿಯರೊಬ್ಬರು ಎದ್ದು ಹೋದರು. ಅದು ಅವರ ಅಣ್ಣನದು. ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅಂದಿನಿಂದ ಅಂಥ ಚಿತ್ರಗಳು ಬೇರೆ ಪೆಟ್ಟಿಗೆಯಲ್ಲಿವೆ, ಮನೆಯವರು ಕೇಳಿದರೆ ಮಾತ್ರ ಹೊರಗೆ ಬರುತ್ತವೆ.

ಹಕ್ಕಿನ ವಿಷಯದಲ್ಲೂ ಸ್ಟುಡಿಯೊ ಮನೆತನದವರ ಒಪ್ಪಿಗೆ ಸಾಕೆಂದು ಮೊದಲು ತಿಳಿದಿದ್ದೆವು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವನೇ. ಹಾಗಾಗಿ ಲೆಕ್ಕದ ಪುಸ್ತಕದ "ಬಾಕಿ ಸಂದಾಯ" ಎಂಬ ಸಾಲು ಕೂಡ ನಮಗೆ ದಾಖಲೆಯಾಯಿತು. ಕುಟುಂಬ ಸಿಕ್ಕ ಕಡೆ ಅವರ ಒಪ್ಪಿಗೆ ಪತ್ರ ಪಡೆದು, ಒಂದು ಒಳ್ಳೆಯ ಅಚ್ಚನ್ನು ಉಚಿತವಾಗಿ ಕೊಡುತ್ತೇವೆ. ತುಳಸಿಕಟ್ಟೆಯ ಅಜ್ಜಿಗೆ ಕೊಟ್ಟದ್ದು ಅವರ ದೇವರ ಮನೆಯ ಪಕ್ಕದ ಗೋಡೆಯಲ್ಲಿದೆ.

ಗಾಜಿನ ಪ್ಲೇಟುಗಳು ಬಹುತೇಕ ಮುಗಿದಿವೆ. ಸಂಖ್ಯೆ ಅಳಿಸಿಹೋದವು ಒಂದು ಪೆಟ್ಟಿಗೆಯಷ್ಟು ಉಳಿದಿವೆ. ಅವುಗಳ ಅಚ್ಚು ಹಿಡಿದು ಇನ್ನೂ ಊರೂರು ತಿರುಗುತ್ತಿದ್ದೇವೆ. ಈಗ ಅವಸರ ಇರುವುದು ಕೊನೆಯ ವರ್ಷಗಳ ಫಿಲ್ಮ್ ನೆಗೆಟಿವ್‌ಗಳದ್ದು. ಅವು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮುಗಳು. ಹೋದ ಬೇಸಿಗೆಯಲ್ಲಿ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂತು. ಆ ವಾಸನೆ ಬಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ; ಮುಂದೆ ಅದು ಕುಗ್ಗುತ್ತದೆ, ಮೇಲಿನ ಪದರ ಸುಕ್ಕುಗಟ್ಟಿ ಏಳುತ್ತದೆ. ವಾಸನೆ ಬಂದವನ್ನು ಉಳಿದವುಗಳಿಂದ ಬೇರೆ ಮಾಡಿ, ಗಾಳಿಯಾಡುವ ಪೆಟ್ಟಿಗೆಗೆ ಹಾಕಿದ್ದೇವೆ. ಪುಸ್ತಕದ ಪ್ರಕಾರ ಅವು ಶೋಭಕೃತು ಸಂವತ್ಸರದವು, ಅಂದರೆ 1963–64, ಲಾರಿಗಳು ಬರುತ್ತಿದ್ದ ಕಾಲದವು. ಮಳೆ ನಿಂತ ವಾರವೇ ಕ್ಯುರೇಟರ್ ಲೈಟ್ ಟೇಬಲ್ ಸಮೇತ ನಮ್ಮಲ್ಲಿಗೆ ಬರುತ್ತಾರೆ. ನಾಲ್ಕನೆಯ ಪುಸ್ತಕವನ್ನು ನಾನು ಆಗಲೇ ಓದಿ ಮುಗಿಸಿ ಇಟ್ಟಿದ್ದೇನೆ.