ಬ್ಯಾಡಗಿಯ ಉತಾರ, ಜರ್ಮನಿಯ ವೀಸಾ: ಅಪ್ಪ-ಅವ್ವನ ಫೈಲು ನಾನು ಹೊಂದಿಸಿದ ಬಗೆ

ಜರ್ಮನಿಗೆ ಹೋಗುವ ಷೆಂಗೆನ್ ವೀಸಾಕ್ಕೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಅಲ್ಪಾವಧಿ ವೀಸಾಕ್ಕೆ, ಅಮೆರಿಕದ ವೀಸಾದ ಹಾಗೆ ಅಧಿಕಾರಿಯ ಮುಂದೆ ನಿಂತು ಉತ್ತರ ಕೊಡುವ ಸಂದರ್ಶನ ಸಾಮಾನ್ಯವಾಗಿ ಇರುವುದಿಲ್ಲ. ದೂತಾವಾಸದ ಪರವಾಗಿ ಅರ್ಜಿ ಪಡೆಯುವ ಖಾಸಗಿ ಸಂಸ್ಥೆ ವಿಎಫ್‌ಎಸ್‌ನ ಬೆಂಗಳೂರು ಕೇಂದ್ರದಲ್ಲಿ ಕಾಗದ ತೆಗೆದುಕೊಳ್ಳುತ್ತಾರೆ, ಬೆರಳಚ್ಚು ಹಿಡಿಯುತ್ತಾರೆ, ಅಷ್ಟೆ. ತೀರ್ಮಾನ ಮಾಡುವ ಅಧಿಕಾರಿ ಅಪ್ಪ-ಅವ್ವನ ಮುಖ ನೋಡುವುದಿಲ್ಲ, ಫೈಲು ನೋಡುತ್ತಾರೆ. ಪಗಾರ ಚೀಟಿ, ರಜೆ ಪತ್ರ, ತೆರಿಗೆ ರಿಟರ್ನ್ ಇರುವ ನೌಕರರ ಫೈಲು ಅಧಿಕಾರಿಗೆ ಕೂಡಲೇ ಅರ್ಥವಾಗುತ್ತದೆ. ಹಾವೇರಿ ಜಿಲ್ಲೆಯ ಒಬ್ಬ ರೈತನ ಬದುಕು ಹಾಗಲ್ಲ. ಅದನ್ನು ಕಾಗದದ ಮೇಲೆ ಓದುವಂತೆ ಜೋಡಿಸಬೇಕು. ತಂಗಿಯ ಬಾಣಂತನಕ್ಕೆಂದು ಅಪ್ಪ-ಅವ್ವನ ಫೈಲನ್ನು ಏಜೆಂಟರಿಗೆ ಕೊಡದೆ ನಾನೇ ಹೊಂದಿಸಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲವೇ ಫೈಲು ಗಟ್ಟಿ ಇರಬೇಕು ಅನ್ನುವುದಕ್ಕೆ ಈಗ ಇನ್ನೊಂದು ಕಾರಣವಿದೆ. ಮೊದಲು ವೀಸಾ ತಿರಸ್ಕಾರವಾದರೆ ದೂತಾವಾಸಕ್ಕೇ ಪತ್ರ ಬರೆದು ಮರುಪರಿಶೀಲನೆ ಕೇಳಬಹುದಿತ್ತು. ಜರ್ಮನಿ ಆ ದಾರಿಯನ್ನು 2025ರ ಜುಲೈ 1ರಿಂದ ಮುಚ್ಚಿದೆ. ಈಗ ಉಳಿದಿರುವುದು ಎರಡೇ: ಬರ್ಲಿನ್ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡುವುದು, ಇಲ್ಲವೇ ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕುವುದು. ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ ತಲಾ 90 ಯೂರೋ. ವಿಎಫ್‌ಎಸ್ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ಹಣ ವಾಪಸಿಲ್ಲ.

ಕೆಲಸ ಶುರುವಾಗುವುದು ಜರ್ಮನಿಯ ಕಡೆಯಿಂದ. ಖರ್ಚು ಮಗಳು-ಅಳಿಯ ನೋಡಿಕೊಳ್ಳುವುದಾದರೆ ಅವರು ತಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ 'ಫರ್‌ಫ್ಲಿಖ್‌ಟುಂಗ್ಸ್‌ಎರ್‌ಕ್ಲೇರುಂಗ್' ಎಂಬ ಹೊಣೆಪತ್ರ ಮಾಡಿಸಬೇಕು. ಬಂದವರ ಊಟ-ವಸತಿ, ಆಸ್ಪತ್ರೆ, ಕೊನೆಗೆ ವಾಪಸ್ ಕಳಿಸುವ ಖರ್ಚಿಗೂ ತಾವೇ ಜವಾಬ್ದಾರರು ಎಂದು ಸರ್ಕಾರಕ್ಕೆ ಬರೆದುಕೊಡುವ ಪತ್ರ ಅದು. ಶುಲ್ಕ 29 ಯೂರೋ. ಅಳಿಯನ ಪಗಾರ ಚೀಟಿ, ಬಾಡಿಗೆ ಕರಾರು, ಅಪ್ಪ-ಅವ್ವನ ಪಾಸ್‌ಪೋರ್ಟ್ ವಿವರ ಕೇಳುತ್ತಾರೆ. ದೊಡ್ಡ ನಗರಗಳಲ್ಲಿ ಇದರ ಸರದಿ ಸಿಗುವುದೇ ತಡ, ಆದ್ದರಿಂದ ಮೊದಲು ಹಿಡಿಯಬೇಕಾದ ಕೆಲಸ ಇದೇ. ಆದರೆ ತೀರ ಮೊದಲೂ ಬೇಡ: ಅರ್ಜಿ ಕೊಡುವ ದಿನ ಪತ್ರಕ್ಕೆ ಆರು ತಿಂಗಳು ದಾಟಿರಬಾರದು. ಪತ್ರ ಕೈಗೆ ಬಂದ ಕೂಡಲೇ ಎರಡು ಕಡೆ ನೋಡಿ. ಒಂದು, ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಅಕ್ಷರ ಬಿಡದೆ ತಾಳೆಯಾಗುತ್ತದೆಯೇ. ಎರಡು, ಆರ್ಥಿಕ ಶಕ್ತಿಯ ಸಾಲಿನಲ್ಲಿ 'ನಾಖ್‌ಗೆವೀಸೆನ್', ಅಂದರೆ ಸಾಬೀತಾಗಿದೆ, ಎಂದು ಇದೆಯೇ. ಮೂಲ ಪತ್ರವೇ ಭಾರತಕ್ಕೆ ಬರಬೇಕು, ಸ್ಕ್ಯಾನ್ ಪ್ರತಿ ನಡೆಯುವುದಿಲ್ಲ. ಕೊರಿಯರಿಗೆ ಹಿಡಿಯುವ ದಿನಗಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇದರ ಜೊತೆಗೆ ಮಗಳ ಆಮಂತ್ರಣ ಪತ್ರ, ಅವಳ ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿಯ ಪ್ರತಿ, ವಿಳಾಸ ನೋಂದಣಿಯ ಪ್ರತಿ ಬೇಕು. ಸಂಬಂಧ ತೋರಿಸಲು ಮಗಳ ಜನನ ಪ್ರಮಾಣಪತ್ರ ಒಳ್ಳೆಯದು. ಅವಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ-ತಾಯಿಯ ಹೆಸರಿದ್ದರೆ ಅದನ್ನೂ ಹಚ್ಚಿ.

ನಮ್ಮ ಕಡೆಯ ಫೈಲುಗಳಿಗೆ ಹೆಚ್ಚು ತೊಡಕು ಕೊಡುವುದು ಹೆಸರು. ಪಾಸ್‌ಪೋರ್ಟಿನಲ್ಲಿ ನೀಲಮ್ಮ, ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ನೀಲವ್ವ ಕೋಂ ಇಂಥವರು, ಮಗಳ ಜನನ ಪತ್ರದಲ್ಲಿ ನೀಲಾ. ಅಡ್ಡಹೆಸರು ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ನಮಗೆ ಇವೆಲ್ಲ ಒಬ್ಬರೇ ಎಂದು ಹೇಳಬೇಕಾಗಿಲ್ಲ, ಆದರೆ ಜರ್ಮನ್ ಅಧಿಕಾರಿಗೆ ಅವರು ಮೂವರು ಹೆಂಗಸರು. ಇದಕ್ಕೆ ನೋಟರಿ ಮುಂದೆ, ಎಲ್ಲ ರೂಪಗಳನ್ನೂ ಹೆಸರಿಸಿ, ಇವರೆಲ್ಲ ಒಬ್ಬರೇ ಎಂಬ ಅಫಿಡವಿಟ್ ಇಂಗ್ಲಿಷಿನಲ್ಲಿ ಮಾಡಿಸಿ. ಯಾವ ರೂಪ ಯಾವ ದಾಖಲೆಯಲ್ಲಿದೆ ಎಂದೂ ಅದರಲ್ಲೇ ಬರೆಸಬೇಕು. ಊರಿನ ಹೆಸರೂ ಹಾಗೆಯೇ: 2014ರ ನವೆಂಬರ್ 1ಕ್ಕೆ ಮೊದಲಿನ ಇಂಗ್ಲಿಷ್ ಕಾಗದದಲ್ಲಿ 'ಹುಬ್ಳಿ', ಆಮೇಲಿನದರಲ್ಲಿ 'ಹುಬ್ಬಳ್ಳಿ'. ಅರ್ಜಿಯಲ್ಲಿ ಮಾತ್ರ ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಸಹಿಗೂ ಇದೇ ಮಾತು. ಪಾಸ್‌ಪೋರ್ಟಿನಲ್ಲಿ ಹೆಬ್ಬೆಟ್ಟು ಇದ್ದರೆ ಅರ್ಜಿಯಲ್ಲೂ ಹೆಬ್ಬೆಟ್ಟೇ. ಹೊಸದಾಗಿ ಸಹಿ ಕಲಿಸಿ ಹಾಕಿಸಲು ಹೋಗಬೇಡಿ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಬಿಡುವ ದಿನದಿಂದ ಮುಂದೆ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಹೊಸದು ಮಾಡಿಸುವವರಿಗೆ ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. 36 ಪುಟದ್ದಕ್ಕೆ 1,500 ರೂಪಾಯಿ.

ಇನ್ನು ಹೊಲ ಮತ್ತು ಹಣ. ವೀಸಾ ತಿರಸ್ಕಾರದ ಅಚ್ಚಾದ ನಮೂನೆಯಲ್ಲಿ ಒಂದು ಕಾರಣ 'ಅವಧಿ ಮುಗಿಯುವ ಮೊದಲು ವಾಪಸಾಗುವ ಬಗ್ಗೆ ಸಂಶಯ'. ಹೊಣೆಪತ್ರ ಎಷ್ಟೇ ಗಟ್ಟಿ ಇದ್ದರೂ ಈ ಸಂಶಯಕ್ಕೆ ಅದು ಉತ್ತರವಲ್ಲ. ಉತ್ತರ ಇರುವುದು ಊರಲ್ಲಿ. ಉತಾರ ಭೂಮಿ ಕೇಂದ್ರದಲ್ಲೋ ಆನ್‌ಲೈನಿನಲ್ಲೋ ಡಿಜಿಟಲ್ ಸಹಿ ಇದ್ದದ್ದೇ ತೆಗೆಯಿರಿ. ಆಮೇಲೆ ಇಂಗ್ಲಿಷ್ ಅನುವಾದ ಮಾಡಿಸಿ. ಅನುವಾದದಲ್ಲಿ ಎಕರೆ-ಗುಂಟೆ ಬರೆದು ಪಕ್ಕದಲ್ಲಿ ಹೆಕ್ಟೇರ್ ಕೊಡಿ. 40 ಗುಂಟೆಗೆ ಒಂದು ಎಕರೆ ಎಂಬುದು ಅಲ್ಲಿಯವರಿಗೆ ಗೊತ್ತಿಲ್ಲ. ಉತಾರದಲ್ಲಿ ಬ್ಯಾಂಕಿನ ಬೆಳೆಸಾಲದ ಬೋಜಾ ಇದ್ದರೆ ಮುಚ್ಚಿಡುವ ಅಗತ್ಯವೇನೂ ಇಲ್ಲ. ಹಂಗಾಮಿಗೆ ಸಾಲ ತೆಗೆದು ಪೀಕು ಬಂದಮೇಲೆ ತುಂಬುವುದು ನಡೆಯುತ್ತಿರುವ ಒಕ್ಕಲುತನದ ಗುರುತು.

ಬ್ಯಾಂಕ್ ಖಾತೆಯ ವಿವರವನ್ನು ಅವರು ಕೇಳುವುದು ಮೂರು ತಿಂಗಳದ್ದು. ರೈತರ ವಿಷಯದಲ್ಲಿ ನಾನು ಹನ್ನೆರಡು ತಿಂಗಳದ್ದು ಕೊಡುತ್ತೇನೆ. ಕಾರಣ ಸರಳ. ಬ್ಯಾಡಗಿ ಮೆಣಸಿನಕಾಯಿಯ ಹಣ ಬರುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಪುಟ ಮಾತ್ರ ಕೊಟ್ಟರೆ ಬರೀ ಖರ್ಚು ಕಾಣುತ್ತದೆ: ಆಳಿನ ಕೂಲಿ, ಔಷಧಿ, ಟ್ರ್ಯಾಕ್ಟರ್ ಬಾಡಿಗೆ. ಫೆಬ್ರುವರಿಯ ಪುಟ ಮಾತ್ರ ಕೊಟ್ಟರೆ ಎಲ್ಲಿಂದಲೋ ಒಮ್ಮೆಲೇ ಬಂದ ದೊಡ್ಡ ಮೊತ್ತ ಕಾಣುತ್ತದೆ, ವೀಸಾಕ್ಕೆಂದೇ ಯಾರೋ ತುಂಬಿಸಿದ ಹಣದ ಹಾಗೆ. ಇಡೀ ವರ್ಷ ಕೊಟ್ಟಾಗ ಮಾತ್ರ ಅದು ಒಕ್ಕಲುತನದ ಲೆಕ್ಕವಾಗಿ ಓದಿಸಿಕೊಳ್ಳುತ್ತದೆ.

ಆ ದೊಡ್ಡ ಮೊತ್ತದ ಪಕ್ಕದಲ್ಲಿ ದಲಾಲಿ ಅಂಗಡಿಯ ಪಟ್ಟಿ ಇಡಬೇಕು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರ್ ಸೋಮವಾರ ಮತ್ತು ಗುರುವಾರ. ಪಟ್ಟಿಯಲ್ಲಿ ತಾರೀಖು, ಚೀಲ, ತೂಕ, ಕ್ವಿಂಟಲ್ ದರ, ಹಮಾಲಿ, ಕೊನೆಗೆ ರೈತನಿಗೆ ಸಂದ ಮೊತ್ತ ಇರುತ್ತದೆ. ಕೊನೆಯ ಸಾಲಿನ ಮೊತ್ತಕ್ಕೆ ಪೆನ್ಸಿಲಿನಲ್ಲಿ 'ಎ' ಎಂದು ಗುರುತು ಹಾಕಿ, ಬ್ಯಾಂಕ್ ವಿವರದಲ್ಲಿ ಅದೇ ಮೊತ್ತ ಜಮಾ ಆದ ಸಾಲಿಗೂ 'ಎ' ಹಾಕಿ. ಮುಂದಿನ ಪಟ್ಟಿಗೆ 'ಬಿ'. ನೂರು ಫೈಲು ನೋಡುವ ಅಧಿಕಾರಿಗೆ ಹುಡುಕುವ ಕೆಲಸ ಉಳಿಯಬಾರದು. ಅದಕ್ಕೇ ಮಾರಾಟದ ಹಣ ನಗದಾಗಿ ಪಡೆಯದೆ ಖಾತೆಗೇ ಹಾಕಿಸಿಕೊಳ್ಳಿ ಎಂದು ಒಂದು ವರ್ಷ ಮೊದಲೇ ಮನೆಯಲ್ಲಿ ಹೇಳಿಡುವುದು ಒಳ್ಳೆಯದು.

ಖಾತೆ ಹಳೆಯ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿದ್ದರೆ ಒಂದು ಎಚ್ಚರ. 2025ರ ಮೇ 1ರಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಶಿಕ್ಕಾದಲ್ಲಿ ಇನ್ನೊಂದು ಬಾರದ ಹಾಗೆ, ಹೊಸ ಹೆಸರಿನ ಕಾಗದದಲ್ಲೇ ಮುದ್ರಿಸಿದ ವಿವರಕ್ಕೆ ಶಾಖೆಯ ಶಿಕ್ಕಾ-ಸಹಿ ಪಡೆಯಿರಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಹೆಚ್ಚಿನ ರೈತರ ಬಳಿ ರಿಟರ್ನ್ ಇರುವುದಿಲ್ಲ. ಅದನ್ನು ಫೈಲಿನ ಮೇಲಿಡುವ ಮುನ್ನುಡಿ ಪತ್ರದಲ್ಲಿ (ಕವರಿಂಗ್ ಲೆಟರ್) ಒಂದೇ ಸಾಲಿನಲ್ಲಿ ಹೇಳಿಬಿಡಿ. ಲೆಕ್ಕಪರಿಶೋಧಕರಿಂದ ಲಕ್ಷಗಟ್ಟಲೆ ಆಸ್ತಿ ಮೌಲ್ಯದ ಪ್ರಮಾಣಪತ್ರ ಬರೆಸಿಕೊಳ್ಳುವ ರೂಢಿ ಇದೆ. ನನ್ನ ಅಭಿಪ್ರಾಯದಲ್ಲಿ ತಾಳೆಯಾಗುವ ಎರಡು ಪಟ್ಟಿಗಳಿಗೆ ಅದಕ್ಕಿಂತ ತೂಕ ಹೆಚ್ಚು.

ಮುನ್ನುಡಿ ಪತ್ರ ಇಂಗ್ಲಿಷಿನಲ್ಲಿ ಒಂದೇ ಪುಟ. ಯಾರು, ಯಾರ ಮನೆಗೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಖರ್ಚು ಯಾರದು, ವಾಪಸ್ ಏಕೆ ಬರಲೇಬೇಕು. ಕೊನೆಯ ಪ್ರಶ್ನೆಗೆ ಕ್ಯಾಲೆಂಡರಿನಲ್ಲೇ ಉತ್ತರ ಇದೆ. ಮೆಣಸಿನಕಾಯಿ ಪೇಟೆಗೆ ಹೋದಮೇಲೆ ಮಾರ್ಚ್‌ನಿಂದ ಮೇವರೆಗೆ ಮಳೆಯಾಶ್ರಿತ ಹೊಲದಲ್ಲಿ ಕೆಲಸ ಕಡಿಮೆ, ಜೂನ್‌ನಲ್ಲಿ ಮಿರಗದ ಮಳೆಗೆ ಬಿತ್ತನೆ. ಪ್ರಯಾಣದ ದಿನಗಳು ಈ ಬಿಡುವಿಗೆ ಸರಿಹೊಂದಿದರೆ ಪತ್ರದ ಮಾತು ನಂಬುವಂತಿರುತ್ತದೆ. ಬಾಣಂತನದ ವಿಷಯ ಇದ್ದದ್ದು ಇದ್ದಂತೆ ಬರೆಯಿರಿ: ಹೆರಿಗೆಯ ಅಂದಾಜು ತಾರೀಖು, ವೈದ್ಯರ ಪತ್ರ, ಜರ್ಮನಿಯಲ್ಲಿ ಹೆರಿಗೆಗೆ ಮೊದಲು ಆರು ವಾರ, ಆಮೇಲೆ ಎಂಟು ವಾರ ಮಗಳಿಗಿರುವ ಕಾನೂನಿನ ರಜೆ, ಅಳಿಯನ ರಜೆ. ಕೂಸಿನ ಆರೈಕೆ ತಂದೆ-ತಾಯಿಯದೇ, ಅಜ್ಜ-ಅಜ್ಜಿ ಬರುತ್ತಿರುವುದು ನೋಡಲಿಕ್ಕೆ, ಜೊತೆಗಿರಲಿಕ್ಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಮೆ 30,000 ಯೂರೋಗೆ ಕಡಿಮೆ ಇಲ್ಲದ್ದು, ಇಡೀ ಷೆಂಗೆನ್ ಪ್ರದೇಶಕ್ಕೆ, ಇರುವ ಎಲ್ಲ ದಿನಗಳಿಗೂ ಬೇಕು. ಹೊಣೆಪತ್ರ ಇದೆ ಎಂದು ಇದನ್ನು ಬಿಡುವಂತಿಲ್ಲ. ಬಿಪಿ, ಸಕ್ಕರೆ ಕಾಯಿಲೆ ಮೊದಲೇ ಇದ್ದರೆ ಪಾಲಿಸಿಯಲ್ಲಿ ಅದಕ್ಕೆ ಏನು ಹೇಳಿದೆ ಎಂದು ಓದಿಯೇ ಕೊಳ್ಳಿ. ವಿಮಾನದ ಟಿಕೆಟ್ ಮುಂಗಡ ಕಾಯ್ದಿರಿಸಿದ್ದು ಸಾಕು, ವೀಸಾ ಬರುವ ಮೊದಲು ಪೂರ್ತಿ ಹಣ ಕಟ್ಟಬೇಡಿ. ಆದರೆ ಏಜೆಂಟರು ಮಾಡಿಕೊಡುವ ಸುಳ್ಳು ಬುಕಿಂಗ್ ಹಚ್ಚಬೇಡಿ, ಒಂದು ಸುಳ್ಳು ಕಾಗದ ಉಳಿದ ಎಲ್ಲ ನಿಜವನ್ನೂ ಕೆಡಿಸುತ್ತದೆ.

ಅರ್ಜಿಯನ್ನು ವಿಡೆಕ್ಸ್ ಎಂಬ ಜಾಲತಾಣದಲ್ಲಿ ತುಂಬಿ, ಬಾರ್‌ಕೋಡ್ ಇರುವ ಪುಟಗಳ ಸಹಿತ ಮುದ್ರಿಸಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ 15 ದಿನ ಮೊದಲಿನವರೆಗೆ ಸಲ್ಲಿಸಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಿದ್ದರೆ 45ರವರೆಗೂ ಹೋಗಬಹುದು. ಬೇಸಿಗೆ ರಜೆಯ ಮುಂಚೆ ವಿಎಫ್‌ಎಸ್ ಸರದಿ ಸಿಗುವುದು ಕಷ್ಟ, ಆದ್ದರಿಂದ ಎರಡು-ಮೂರು ತಿಂಗಳು ಮೊದಲೇ ಕೊಟ್ಟುಬಿಡುವುದು ಲೇಸು. ಫೋಟೋ 35 ಮಿಲಿಮೀಟರ್ ಅಗಲ, 45 ಎತ್ತರ. ಸ್ಟುಡಿಯೋದಲ್ಲಿ 'ಷೆಂಗೆನ್ ಅಳತೆ' ಎಂದೇ ಹೇಳಿ.

ಹುಬ್ಬಳ್ಳಿಯಿಂದ ರಾತ್ರಿ ರೈಲು ಹಿಡಿದರೆ ಬೆಳಗಿನ ಹೊತ್ತಿಗೆ ಬೆಂಗಳೂರು. ಸರದಿಯನ್ನು ಹನ್ನೊಂದರ ಮೇಲೆ ತೆಗೆದುಕೊಂಡರೆ ವಯಸ್ಸಾದವರಿಗೆ ಸ್ನಾನ, ನಾಷ್ಟಾಕ್ಕೆ ಹೊತ್ತು ಸಿಗುತ್ತದೆ. ಹೊಲದಲ್ಲಿ ದುಡಿದ ಕೈಯ ಬೆರಳಚ್ಚು ಯಂತ್ರಕ್ಕೆ ಸುಲಭವಾಗಿ ಹತ್ತುವುದಿಲ್ಲ. ರೇಷನ್ ಅಂಗಡಿಯಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ಒಂದು ವಾರ ಮೊದಲಿನಿಂದ ರಾತ್ರಿ ಬೆರಳ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿ. ಹೋಗುವ ದಿನ ಎಣ್ಣೆ ಬೇಡ, ಸಾಬೂನು ಹಾಕಿ ತೊಳೆದ ಒಣ ಕೈ ಇರಲಿ. ಎಲೆ-ಅಡಿಕೆ ಹಾಕುವವರ ಬೆರಳಿಗೆ ಸುಣ್ಣ ಅಂಟಿರುತ್ತದೆ, ಅದನ್ನೂ ನೋಡಿ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳವರೆಗೆ ಮುಂದಿನ ಅರ್ಜಿಗೂ ನಡೆಯುತ್ತದೆ. ಕೌಂಟರಿನಲ್ಲಿ 'ಎಲ್ಲಿಗೆ ಹೊಂಟೀರಿ, ಎಷ್ಟು ದಿನ, ಯಾರ ಮನ್ಯಾಗ ಇರ್ತೀರಿ' ಎನ್ನುವಷ್ಟಕ್ಕೆ ಅಪ್ಪ-ಅವ್ವ ತಾವೇ ಉತ್ತರ ಹೇಳುವಂತಿರಲಿ. ಮಗಳಿರುವ ಊರಿನ ಹೆಸರನ್ನು ಮನೆಯಲ್ಲೇ ನಾಲ್ಕು ಸಲ ಹೇಳಿಸಿ.

ವೀಸಾ ಚೀಟಿ ಬಂದಾಗ ಓದುವುದರಲ್ಲಿ ಬಹಳ ಜನ ತಪ್ಪುತ್ತಾರೆ. 'ಇಂದ-ವರೆಗೆ' ಎಂದು ಎರಡು ತಾರೀಖು ಇರುತ್ತವೆ, ಪಕ್ಕದಲ್ಲಿ ಇರಬಹುದಾದ ದಿನಗಳ ಸಂಖ್ಯೆ ಬೇರೆ ಇರುತ್ತದೆ. ತಾರೀಖುಗಳ ನಡುವೆ ಸಾಮಾನ್ಯವಾಗಿ 15 ದಿನ ಹೆಚ್ಚಿಗೆ ಕೊಟ್ಟಿರುತ್ತಾರೆ, ಪ್ರಯಾಣ ಹಿಂದೆ-ಮುಂದೆ ಆದರೆ ಇರಲಿ ಎಂದು. ಆ 15 ದಿನ ಉಳಿಯಲಿಕ್ಕೆ ಅಲ್ಲ. ಚೀಟಿಯಲ್ಲಿ 90 ದಿನ ಎಂದಿದ್ದರೆ ಅದು ಮೂರು ತಿಂಗಳೂ ಅಲ್ಲ. ಮಾರ್ಚ್ 10ಕ್ಕೆ ಇಳಿದರೆ ಅದೇ ಮೊದಲ ದಿನ. ಮಾರ್ಚ್‌ನಲ್ಲಿ 22, ಏಪ್ರಿಲ್‌ನಲ್ಲಿ 30, ಮೇನಲ್ಲಿ 31, ಜೂನ್‌ನಲ್ಲಿ 7. ಜೂನ್ 7ರೊಳಗೆ ಹೊರಡಬೇಕು, ಹೊರಡುವ ದಿನವೂ ಲೆಕ್ಕಕ್ಕೆ ಸೇರುತ್ತದೆ. ಜೂನ್ 9ರ ಟಿಕೆಟ್ ಅಂದರೆ ಎರಡು ದಿನ ಮೀರಿದಂತೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಬಂದುಹೋಗುವ ದಾಖಲೆಯನ್ನು ಹಂತಹಂತವಾಗಿ ಗಣಕಕ್ಕೆ ತಂದಿದ್ದಾರೆ, ಮೀರಿದ ದಿನ ತಾನಾಗಿಯೇ ತೋರುತ್ತದೆ.

ಹೊಣೆಪತ್ರದ ಮೂಲ, ವಿಮೆ, ಆಮಂತ್ರಣ ಪತ್ರ ಕೈಚೀಲದಲ್ಲಿ ಇರಲಿ, ಲಗೇಜಿನಲ್ಲಿ ಅಲ್ಲ. ಇಳಿದ ಕೂಡಲೇ ಗಡಿ ಪೊಲೀಸರು ಕೇಳಬಹುದು. ಔಷಧಿ ಪೂರ್ತಿ ಅವಧಿಗೆ ಆಗುವಷ್ಟು, ವೈದ್ಯರು ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದಿಗೆ. ವಾಪಸ್ ಬಂದಮೇಲೆ ಆ ಪಾಸ್‌ಪೋರ್ಟನ್ನೂ ಬೋರ್ಡಿಂಗ್ ಪಾಸುಗಳನ್ನೂ ಜೋಪಾನ ಮಾಡಿ. 2024ರ ಏಪ್ರಿಲ್ 18ರಂದು ಭಾರತೀಯರಿಗಾಗಿ ಮಾಡಿದ ನಿಯಮದ ಪ್ರಕಾರ, ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ, ಅನೇಕ ಸಲ ಹೋಗಿಬರುವ ವೀಸಾ ಸಿಗಬಹುದು.